ಗೇಜ್ ಕಡ್ಡಿಗೆ ಕಟ್ಟಿದ್ದ ಸೈಕಲ್ ಟ್ಯೂಬು: ಹಳೆಯ ತೋಟದ ಟ್ರ್ಯಾಕ್ಟರೊಂದರ ಆಯಿಲ್ ಸೋರಿಕೆ

ತೀರ್ಥಹಳ್ಳಿ ತಾಲ್ಲೂಕಿನ ಒಂದು ಮನೆಯ ಕೊಟ್ಟಿಗೆ ಗೋಡೆಯಲ್ಲಿ ಹನ್ನೊಂದು ಅಡಿಕೆ ಹಾಳೆಗಳನ್ನು ಸಾಲಾಗಿ ಮೊಳೆಗೆ ಸಿಕ್ಕಿಸಿದ್ದರು. ಪ್ರತಿ ಹಾಳೆಯ ಒಳಮೈಯಲ್ಲಿ ಕಪ್ಪು ಆಯಿಲ್ ಕಲೆಗಳು, ಅಂಚಿನಲ್ಲಿ ಇದ್ದಿಲಿನಿಂದ ಬರೆದ ತಾರೀಖು. ಕೆಲವದರ ಮೇಲೆ ನಾಲ್ಕೈದು ಹನಿ, ಕೆಲವದರ ಮೇಲೆ ಅಂಗೈಯಗಲದ ಮಡು. ತೋಟದ ಯಜಮಾನರು ಅದನ್ನು ತೋರಿಸುತ್ತಾ, "ಇದು ನನ್ನ ಟ್ರ್ಯಾಕ್ಟರಿನ ಜಾತಕ, ಓದಿ ನೋಡಿ ಮಾರಾಯರೇ" ಎಂದರು. ಆ ಜಾತಕವನ್ನು ಸರಿಯಾಗಿ ಓದಲು ನನಗೆ ನಾಲ್ಕು ದಿನ ಹಿಡಿಯಿತು. ಮೊದಲನೆಯ ದಿನ ಓದಿದ್ದು ತಪ್ಪಾಗಿತ್ತು. ಆ ತಪ್ಪೂ ಸೇರಿದ ಹಾಗೆ ಇಡೀ ಪ್ರಕರಣವನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾನು ಐಟಿಐಯಲ್ಲಿ ಡೀಸೆಲ್ ಮೆಕ್ಯಾನಿಕ್ ಕಲಿತು, ಕೆಲವು ವರ್ಷ ಗ್ಯಾರೇಜಿನಲ್ಲಿ ದುಡಿದು, ಈಗ ಊರೂರು ತಿರುಗಿ ತೋಟದ ಯಂತ್ರಗಳನ್ನು ರಿಪೇರಿ ಮಾಡುವವನು. ಊರು, ಮನೆತನ, ಗ್ಯಾರೇಜು, ಟ್ರ್ಯಾಕ್ಟರಿನ ಕಂಪನಿ ಯಾವುದರ ಹೆಸರನ್ನೂ ಬರೆದಿಲ್ಲ. ಯಜಮಾನರ ಒಪ್ಪಿಗೆ ಇದೆ. ಟ್ರ್ಯಾಕ್ಟರ್ ಓಡಿಸುವ ಹುಡುಗನ ಒಪ್ಪಿಗೆಯನ್ನೂ ಕೇಳಿದೆ. ಏಕೆಂದರೆ ಈ ಕಥೆಯ ಮುಖ್ಯ ಸಾಕ್ಷಿ ಅವನೇ.

ಹಿನ್ನೆಲೆ

ನಾಲ್ಕು ಎಕರೆಯ ಹಳೆಯ ತೋಟ. ಕಣಿವೆಯ ಬುಡದಲ್ಲಿ ತೋಟ, ಮೇಲೆ ಮನೆ, ಅದಕ್ಕೂ ಮೇಲೆ ಸೊಪ್ಪಿನ ಬೆಟ್ಟ. ಮರಗಳ ನಡುವಿನ ಅಂತರ ವಾಡಿಕೆಯ 9 ಅಡಿ. ದೊಡ್ಡ ಟ್ರ್ಯಾಕ್ಟರ್ ಅಲ್ಲಿ ನುಗ್ಗುವುದಿಲ್ಲ, ನುಗ್ಗಿದರೂ ತಿರುಗುವುದಿಲ್ಲ. ಹಾಗಾಗಿ ಇತ್ತೀಚೆಗೆ ಮಲೆನಾಡಿನ ತೋಟಗಳಿಗೆ ಮೈ ಕಿರಿದಾದ ಮಿನಿ ಟ್ರ್ಯಾಕ್ಟರುಗಳು ಬಂದಿವೆ. ಇವರದು 18 ಅಶ್ವಶಕ್ತಿಯ ಆಸುಪಾಸಿನ, ಮೂರು ಸಿಲಿಂಡರಿನ, ನೀರಿನಿಂದ ತಣಿಯುವ ಡೀಸೆಲ್ ಎಂಜಿನ್ನಿನ ಗಾಡಿ. ಬೆಟ್ಟದಿಂದ ಸೊಪ್ಪು, ಕೊಟ್ಟಿಗೆಯಿಂದ ಗೊಬ್ಬರ, ತೋಟದಿಂದ ಅಡಿಕೆ ಗೊನೆ ಸಾಗಿಸುವುದು ಅದರ ಕೆಲಸ. ಎಲ್ಲಕ್ಕಿಂತ ಮುಖ್ಯವಾಗಿ ಮಳೆಗಾಲದ ಬಾಗಿಲಲ್ಲಿ, ಎಳೆಯ ಅಡಿಕೆ ಉದುರಿಸುವ ಕೊಳೆರೋಗಕ್ಕೆ ಬೋರ್ಡೋ (ಮೈಲುತುತ್ತ, ಸುಣ್ಣ ಬೆರೆಸಿದ ಮದ್ದು) ಹೊಡೆಯುವಾಗ ಪಂಪಿಗೆ ಶಕ್ತಿ ಕೊಡುವುದು ಅದೇ.

ಜನವರಿಯಲ್ಲಿ ಶಿವಮೊಗ್ಗದ ಕಡೆಯಿಂದ ಸೆಕೆಂಡ್ ಹ್ಯಾಂಡ್ ಆಗಿ ಕೊಂಡರು. ನೋಡಲು ಹೋದಾಗ ಎಂಜಿನ್ ಮದುವೆ ಮನೆಯ ತಪ್ಪಲೆಯ ಹಾಗೆ ಥಳಥಳಿಸುತ್ತಿತ್ತಂತೆ. ಮಾರುವವರು ಸಮತಟ್ಟು ರಸ್ತೆಯಲ್ಲಿ ಹತ್ತು ನಿಮಿಷ ಓಡಿಸಿ ತೋರಿಸಿದರು. ಹೊಗೆ ಇಲ್ಲ, ಸದ್ದು ಹದ, ಒಂದು ಹನಿಯೂ ಇಲ್ಲ. ಹಳೆಯ ಎಂಜಿನ್ ಇಷ್ಟು ಚೊಕ್ಕಟವಾಗಿದ್ದರೆ ನನಗೆ ಸಂತೋಷಕ್ಕಿಂತ ಅನುಮಾನವೇ ಹೆಚ್ಚು. ಸೋರಿಕೆಯ ಚರಿತ್ರೆ ಬರೆದಿರುವುದೇ ಆ ಕೊಳೆಯಲ್ಲಿ. ಅದನ್ನು ತೊಳೆದುಬಿಟ್ಟರೆ ಕೊಳ್ಳುವವನು ಓದಲು ಏನೂ ಉಳಿಯುವುದಿಲ್ಲ.

ಫೆಬ್ರವರಿಯಲ್ಲಿ ಸೊಪ್ಪು ಸಾಗಿಸಲು ಶುರುಮಾಡಿದ ವಾರದಲ್ಲೇ ಕೊಟ್ಟಿಗೆಯ ನೆಲದ ಮೇಲೆ ಕಲೆ ಕಾಣಿಸಿತು. ಹನಿ ಬೀಳುತ್ತಿದ್ದುದು ಎಂಜಿನ್ ಮತ್ತು ಗೇರ್ ಬಾಕ್ಸ್ ಕೂಡುವ ಜಾಗದಲ್ಲಿ, ಬೆಲ್ ಹೌಸಿಂಗಿನ ತಳದಲ್ಲಿ. ಸಗಣಿ ಸಾರಿಸಿದ ನೆಲ ಕೆಡುತ್ತದೆಂದು ಯಜಮಾನರ ಮಡದಿ ಒಂದು ಹಾಳೆಯನ್ನು ಅಡಿಗೆ ಇಟ್ಟರು. ಕೆಲಸ ಮಾಡಿದ ದಿನದ ರಾತ್ರಿ ಹೊಸ ಹಾಳೆ, ಬೆಳಿಗ್ಗೆ ತಾರೀಖು ಹಾಕಿ ಗೋಡೆಗೆ. ತಾರೀಖು ಹಾಕುವ ಬುದ್ಧಿಯೂ ಅವರದೇ. ಹಾಲಿನ ಲೆಕ್ಕ ಬರೆಯುವ ಕೈ ಅದು.

ನಾನು ಬರುವ ಮೊದಲು ಆದದ್ದು

ಮೊದಲ ಸಲಹೆ ಕೊಟ್ಟವರು ನೆಂಟರೊಬ್ಬರು: ದಪ್ಪ ಆಯಿಲ್ ಹಾಕಿ, ಸೋರುವುದಿಲ್ಲ. 15ಡಬ್ಲ್ಯೂ-40 ತೆಗೆದು 20ಡಬ್ಲ್ಯೂ-50 ಹಾಕಿದರು, ಜೊತೆಗೆ ಸೋರಿಕೆ ನಿಲ್ಲಿಸುತ್ತದೆ ಎಂಬ ಒಂದು ಡಬ್ಬಿ ದ್ರವ. ಹಾಳೆಗಳ ಪ್ರಕಾರ ಇದರಿಂದ ಏನೇನೂ ವ್ಯತ್ಯಾಸವಾಗಲಿಲ್ಲ.

ಎರಡನೆಯದು ಹತ್ತಿರದ ಪೇಟೆಯ ಒಬ್ಬ ಮೆಕ್ಯಾನಿಕ್ಕಿನ ಕೈಚಳಕ. ಎಂಜಿನ್ನಿನ ನೆತ್ತಿಯ ಮುಚ್ಚಳವಾದ ಟ್ಯಾಪೆಟ್ ಕವರಿನ ಅಂಚಿನಲ್ಲಿ ತೇವ ಕಂಡು ಬೋಲ್ಟುಗಳನ್ನು ಇನ್ನಷ್ಟು ಬಿಗಿದರು. ನಿಲ್ಲಲಿಲ್ಲ. ಮತ್ತೂ ಬಿಗಿದರು, ಹೊರಗಿನಿಂದ ಕಪ್ಪು ಸಿಲಿಕಾನ್ ಮೆತ್ತಿದರು. ತಗಡಿನ ಕವರಿನ ಬೋಲ್ಟನ್ನು ಹೀಗೆ ಬಿಗಿದರೆ ಬೋಲ್ಟಿನ ಸುತ್ತ ತಗಡು ತಗ್ಗುತ್ತದೆ, ಎರಡು ಬೋಲ್ಟುಗಳ ನಡುವೆ ಉಬ್ಬುತ್ತದೆ, ಕಾರ್ಕ್ ಪ್ಯಾಕಿಂಗ್ ಹಿಂಡಿಹೋಗಿ ಸೀಳುತ್ತದೆ. ಸೋರಿಕೆ ಇಲ್ಲದಿದ್ದರೂ ಆ ಹೊತ್ತಿಗೆ ಹುಟ್ಟಿಕೊಳ್ಳುತ್ತಿತ್ತು.

ಏಪ್ರಿಲ್ ಕೊನೆಯಲ್ಲಿ ದೊಡ್ಡ ಗ್ಯಾರೇಜಿಗೆ ತೋರಿಸಿದರು. ಅಲ್ಲಿನವರು ಬೆಲ್ ಹೌಸಿಂಗಿನ ತಳದ ಸಣ್ಣ ತೂತಿಗೆ ಟಾರ್ಚ್ ಬಿಟ್ಟು ನೋಡಿ ಹೇಳಿದ್ದು: ಕ್ರ್ಯಾಂಕಿನ (ಎಂಜಿನ್ನಿನ ತಿರುಗುವ ದಂಡದ) ಹಿಂದಿನ ಆಯಿಲ್ ಸೀಲ್ ಹೋಗಿದೆ, ಗಾಡಿಯನ್ನು ಎರಡು ಭಾಗ ಮಾಡಬೇಕು. ಸೀಲಿನ ಬೆಲೆ ಕೆಲವೇ ನೂರು ರೂಪಾಯಿ. ಆದರೆ ಅದರ ಹತ್ತಿರ ಕೈ ಹೋಗಬೇಕಾದರೆ ಎಂಜಿನ್ನನ್ನೂ ಗೇರ್ ಬಾಕ್ಸನ್ನೂ ಬೇರ್ಪಡಿಸಿ ಕ್ಲಚ್, ಫ್ಲೈವೀಲ್ ಬಿಚ್ಚಬೇಕು. ಎಲ್ಲ ಸೇರಿ 22,000 ರೂಪಾಯಿ, ಒಂದು ವಾರ, ಅದೂ ಸರದಿ ಬಂದ ಮೇಲೆ.

ಯಜಮಾನರಿಗೆ ದುಡ್ಡಿಗಿಂತ ಆ ವಾರದ ಚಿಂತೆ. ಮಳೆ ಹಿಡಿಯುವ ಮೊದಲು ಮೊದಲ ಬೋರ್ಡೋ ಬೀಳದಿದ್ದರೆ ಆ ವರ್ಷದ ಅರ್ಧ ಫಸಲು ಮರದ ಬುಡದಲ್ಲಿ. ಆಗುಂಬೆಯ ಮಗ್ಗುಲಲ್ಲಿರುವವರಿಗೆ ಇದನ್ನು ವಿವರಿಸಬೇಕಿಲ್ಲ. ಮೇ ಮೊದಲ ವಾರ ನನ್ನನ್ನು ಕರೆಸಿದರು.

ನನ್ನ ಮೊದಲ ದಿನದ ತಪ್ಪು

ನಾನು ಮಾಡಿದ ಮೊದಲ ಕೆಲಸ ಸರಿಯಾಗಿಯೇ ಇತ್ತು. ಸೋರುತ್ತಿರುವುದು ಯಾವುದು ಎಂದು ಮೊದಲು ತಿಳಿಯಬೇಕು. ಟ್ರ್ಯಾಕ್ಟರಿನ ಹೊಟ್ಟೆಯಲ್ಲಿ ಎಂಜಿನ್ ಆಯಿಲ್, ಗೇರ್ ಮತ್ತು ಹೈಡ್ರಾಲಿಕ್ ಆಯಿಲ್, ಡೀಸೆಲ್, ರೇಡಿಯೇಟರ್ ನೀರು ಎಲ್ಲವೂ ಇರುತ್ತವೆ. ಬಿಳಿ ಕಾಗದದ ಮೇಲೆ ಒಂದು ಹನಿ ಹಿಡಿದೆ. ಮಸಿಯ ಹಾಗೆ ಕಪ್ಪು, ಗೇರ್ ಆಯಿಲಿನ ಗಂಧಕದ ವಾಸನೆ ಇಲ್ಲ, ಡೀಸೆಲ್ ಬೆರೆತಿದ್ದರೆ ಸುತ್ತ ಹರಡುವ ತೆಳು ಉಂಗುರವೂ ಇಲ್ಲ. ಎಂಜಿನ್ ಆಯಿಲ್ಲೇ.

ಬೆಲ್ ಹೌಸಿಂಗಿನ ತಳದ ತೂತಿನಲ್ಲಿ ಒಂದು ಸ್ಪ್ಲಿಟ್ ಪಿನ್ ನೇತಾಡುತ್ತಿರುತ್ತದೆ. ತೂತು ಕೆಸರಿನಿಂದ ಕಟ್ಟಿಕೊಳ್ಳದಿರಲಿ ಎಂದು ಅದನ್ನು ಹಾಕಿರುತ್ತಾರೆ. ಪಿನ್ ತೆಗೆದು, ತಂತಿಗೆ ಬಿಳಿ ಬಟ್ಟೆ ಸುತ್ತಿ ಒಳಗೆ ಆಡಿಸಿದೆ. ಆಯಿಲ್ ಹೊರಗಿನಿಂದ ಇಳಿದು ತಳಕ್ಕೆ ಬರುತ್ತಿದ್ದರೆ ಒಳಗೆ ಒಣ ಧೂಳಿರಬೇಕು. ಬಟ್ಟೆ ಕಪ್ಪಾಗಿ ಒದ್ದೆಯಾಗಿ ಬಂತು. ಅಂದರೆ ಸೀಲ್ ಸೋರುತ್ತಿದೆ. "ಗ್ಯಾರೇಜಿನವರು ಹೇಳಿದ್ದು ಸರಿ, ಗಾಡಿ ಬಿಚ್ಚಿಸಲೇಬೇಕು" ಎಂದೆ. ಗ್ಯಾರೇಜಿಗೆ ಫೋನ್ ಮಾಡಿ ಸರದಿಯನ್ನೂ ಹಿಡಿದೆವು.

ಆಗ ನನ್ನ ಕಣ್ಣ ಮುಂದೆಯೇ ಆಯಿಲ್ ಮಟ್ಟ ನೋಡುವ ಗೇಜ್ ಕಡ್ಡಿಗೆ ಸೈಕಲ್ ಟ್ಯೂಬಿನ ಒಂದು ಪಟ್ಟಿಯನ್ನು ಸುತ್ತಿ ಕಟ್ಟಿತ್ತು. ನೋಡಿದೆ. ಕಡ್ಡಿ ಸಡಿಲವಾಗಿದೆ ಎಂದುಕೊಂಡೆ, ಅಷ್ಟೆ. ನಮ್ಮ ಕಡೆ ಪ್ರತಿ ಗಾಡಿಯಲ್ಲೂ ಎಲ್ಲೋ ಒಂದು ಕಡೆ ಟ್ಯೂಬು, ತಂತಿ, ಬಾಳೆನಾರು ಕಟ್ಟಿಯೇ ಇರುತ್ತದೆ.

ತಿರುವು ಬಂದದ್ದು ಒಂದು ಹಳೆಯ ಚೀಟಿಯಿಂದ. ಸಂಜೆ ಸ್ಪ್ಯಾನರ್ ಹುಡುಕುತ್ತಾ ಟೂಲ್ ಬಾಕ್ಸ್ ಕೆದಕಿದಾಗ ಹಿಂದಿನ ಮಾಲೀಕರ ರಿಪೇರಿ ಬಿಲ್ಲೊಂದು ಗ್ರೀಸ್ ಮೆತ್ತಿಕೊಂಡು ತಳದಲ್ಲಿತ್ತು. "ರಿಯರ್ ಆಯಿಲ್ ಸೀಲ್, ಕ್ಲಚ್ ಪ್ಲೇಟ್ ಬದಲಾವಣೆ", ಪಕ್ಕದಲ್ಲಿ ಗಂಟೆ ಮೀಟರಿನ ಓದು 1,812. ಈಗ ಮೀಟರು ತೋರಿಸುತ್ತಿದ್ದುದು 1,940. ಹೊಸ ಸೀಲ್ ಓಡಿದ್ದು 128 ಗಂಟೆ ಮಾತ್ರ.

ಸೀಲ್ ಎಂದರೆ ಕ್ರ್ಯಾಂಕಿನ ತುದಿಯನ್ನು ಅಪ್ಪಿಕೊಂಡಿರುವ ರಬ್ಬರಿನ ತುಟಿ, ತುಟಿಯ ಹಿಂದೆ ಸಣ್ಣ ಸ್ಪ್ರಿಂಗ್ ಉಂಗುರ. ಅದು ಸಾವಿರಾರು ಗಂಟೆ ಬಾಳಬೇಕು. ಇಷ್ಟು ಬೇಗ ಸೋತರೆ ಮೂರೇ ಸಾಧ್ಯತೆ ನನಗೆ ತೋರುವುದು. ಕೂರಿಸುವಾಗ ವಾರೆಯಾಗಿರಬೇಕು, ಇಲ್ಲವೇ ಕ್ರ್ಯಾಂಕಿನ ಮೈಯಲ್ಲೇ ಗೀರು ಬಿದ್ದಿರಬೇಕು, ಅದೂ ಇಲ್ಲವಾದರೆ ಒಳಗಿನಿಂದ ಯಾವುದೋ ಒತ್ತಡ ಅದನ್ನು ಹೊರಕ್ಕೆ ದೂಡುತ್ತಿರಬೇಕು. ಮೊದಲ ಎರಡಕ್ಕೆ ಗಾಡಿ ಬಿಚ್ಚದೆ ಗತಿಯಿಲ್ಲ. ಮೂರನೆಯದನ್ನು ಬಿಚ್ಚದೆಯೇ ಪರೀಕ್ಷಿಸಬಹುದು. ಮೂರನೆಯದೇ ನಿಜವಾಗಿದ್ದು ನಾವು ಸೀಲನ್ನಷ್ಟೇ ಬದಲಿಸಿದ್ದರೆ, ಮುಂದಿನ ಬೇಸಿಗೆಯಲ್ಲಿ ಇನ್ನೊಂದು 22,000. ರಾತ್ರಿಯೇ ಗ್ಯಾರೇಜಿಗೆ ಫೋನ್ ಮಾಡಿ ಮೂರು ದಿನ ತಡೆಯಿರಿ ಎಂದೆ. ಅವರು ಗೊಣಗಿದರು, ಗೊಣಗುವುದು ನ್ಯಾಯವೇ.

ಹಾಳೆಗಳನ್ನು ಮತ್ತೆ ಓದಿದ್ದು

ಮರುದಿನ ಹಾಳೆಗಳನ್ನೆಲ್ಲ ಅಂಗಳದಲ್ಲಿ ಹಾಸಿ, ಆಯಾ ದಿನ ಗಾಡಿ ಮಾಡಿದ ಕೆಲಸವೇನೆಂದು ಕೇಳಿದೆ. ಯಜಮಾನರಿಗೆ ನೆನಪಿದ್ದುದು ಅರ್ಧ. ಉಳಿದದ್ದನ್ನು ಅವರ ಮಡದಿ ಹೇಳಿದರು. ನಾಲ್ಕು ಗಂಟೆ ನಿಧಾನವಾಗಿ ಗೊಬ್ಬರ ಹೊತ್ತ ದಿನದ ಹಾಳೆಯಲ್ಲಿ ಆರು ಹನಿ. ಬ್ಯಾಟರಿ ಚಾರ್ಜ್ ಆಗಲೆಂದು ಒಂದು ಗಂಟೆ ಸುಮ್ಮನೆ ಎಂಜಿನ್ ಓಡಿಸಿಟ್ಟ ದಿನದ ಹಾಳೆ ಸ್ವಚ್ಛ. ಮದ್ದಿನ ಪಂಪು ಪರೀಕ್ಷಿಸಲು ಅರ್ಧ ಗಂಟೆ ಪೂರ್ತಿ ಆಕ್ಸಲೇಟರಿನಲ್ಲಿ ಓಡಿಸಿದ ದಿನದ್ದು ಅಂಗೈಯಗಲ ಮಡು. ಸೊಪ್ಪು ಹೇರಿಕೊಂಡು ಬೆಟ್ಟದ ಏರು ಹತ್ತಿದ ದಿನದ್ದೂ ಹಾಗೆಯೇ.

ಸೋರಿಕೆ ಎಂಜಿನ್ ಓಡಿದ ಹೊತ್ತಿನ ಲೆಕ್ಕದಲ್ಲಿ ಇರಲಿಲ್ಲ. ಅದು ಎಂಜಿನ್ ಏದುಸಿರು ಬಿಟ್ಟ ಲೆಕ್ಕದಲ್ಲಿತ್ತು.

ಇನ್ನು ಕಣ್ಣಾರೆ ನೋಡಬೇಕು. ಸೋರಿಕೆ ಹುಡುಕುವ ಮುನ್ನ ತೊಳೆಯುವುದು ಅರ್ಧ ದಿನದ ಕೆಲಸ, ಅದನ್ನು ತಪ್ಪಿಸಿಕೊಳ್ಳಲು ಎಲ್ಲರೂ ನೆಪ ಹುಡುಕುತ್ತಾರೆ. ಮಣ್ಣು, ಆಯಿಲ್, ಅಡಿಕೆ ಸಿಪ್ಪೆಯ ನಾರು ಮತ್ತು ಮೈಲುತುತ್ತದ ನೀಲಿ ಸೇರಿ ಗಟ್ಟಿಯಾದ ಹೊದಿಕೆ. ಮರದ ಚಕ್ಕೆಯಿಂದ ಕೆರೆದು, ಡೀಸೆಲ್ ಹಚ್ಚಿ, ಬ್ರಷ್ ಉಜ್ಜಿ, ಸೋಪಿನ ನೀರಿನಲ್ಲಿ ತೊಳೆದೆವು. ಸ್ಟಾರ್ಟರಿಗೂ ಡೈನಮೋಗೂ ಪ್ಲಾಸ್ಟಿಕ್ ಕಟ್ಟಿದ್ದೆವು. ತೊಳೆದ ನೀರು ತೋಟದ ಬಸಿಗಾಲುವೆಗೆ ಹೋಗದಂತೆ ಗುಂಡಿ ತೋಡಿಸಿದೆ.

ಒಣಗಿದ ಮೇಲೆ ಮೈಗೆಲ್ಲ ಬಿಳಿ ಪುಡಿ ಉದುರಿಸಬೇಕು. ಆಯಿಲ್ ಎಲ್ಲಿಂದ ಹೊರಡುತ್ತದೋ ಅಲ್ಲಿಂದ ಕಪ್ಪು ಗೆರೆ ಮೂಡುತ್ತದೆ. "ಬೋರ್ಡೋಗೆ ತಂದ ಸುಣ್ಣ ಇದೆಯಲ್ಲ" ಎಂದರು ಯಜಮಾನರು. ಬೇಡವೆಂದೆ. ರೇಡಿಯೇಟರ್ ಫ್ಯಾನಿನ ಗಾಳಿಗೆ ಸುಣ್ಣದ ಪುಡಿ ಹಾರಿ ಕಣ್ಣಿಗೆ ಬಿದ್ದರೆ ಆಮೇಲೆ ಟ್ರ್ಯಾಕ್ಟರ್ ಬಿಟ್ಟು ಆಸ್ಪತ್ರೆಯ ಕಥೆ ಬರೆಯಬೇಕಾಗುತ್ತದೆ. ಮುಖಕ್ಕೆ ಹಚ್ಚುವ ಪೌಡರಿನ ಎರಡು ಡಬ್ಬಿ ಖಾಲಿಯಾದವು. ಇಡೀ ಕೊಟ್ಟಿಗೆ ಮದುವೆ ದಿಬ್ಬಣದ ಬಸ್ಸಿನ ಹಾಗೆ ಘಮಘಮಿಸಿತು.

ಚಕ್ರಗಳಿಗೆ ಕಲ್ಲು ಕೊಟ್ಟು ಎಂಜಿನ್ ಶುರುಮಾಡಿದೆವು. ಸಣ್ಣ ವೇಗದಲ್ಲಿ ಹತ್ತು ನಿಮಿಷ: ಏನೂ ಇಲ್ಲ. ಪಂಪು ಜೋಡಿಸಿ ಆಕ್ಸಲೇಟರ್ ಏರಿಸಿದೆವು. ಹನ್ನೆರಡನೆಯ ನಿಮಿಷಕ್ಕೆ ಟ್ಯಾಪೆಟ್ ಕವರಿನ ಹಿಂದಿನ ಎಡಮೂಲೆಯಿಂದ ಕಪ್ಪು ಗೆರೆಯೊಂದು ಇಳಿಯತೊಡಗಿತು. ಫ್ಯಾನಿನ ಗಾಳಿ ಅದನ್ನು ಹಿಂದಕ್ಕೆ ದೂಡುತ್ತಿತ್ತು. ಹೆಡ್ಡಿನ ಹಿಂಬದಿಯಿಂದ ಬ್ಲಾಕಿನ ಮೇಲೆ ಇಳಿದು, ಬೆಲ್ ಹೌಸಿಂಗಿನ ಅಂಚು ಹಿಡಿದು ತಳಕ್ಕೆ ಬಂದು, ಅದೇ ಸ್ಪ್ಲಿಟ್ ಪಿನ್ನಿನಿಂದ ಹನಿಯಾಗಿ ಉದುರಿತು. ಹಾಳೆಗಳ ಮೇಲಿನ ಆಯಿಲಿನಲ್ಲಿ ದೊಡ್ಡ ಪಾಲು ಮೇಲಿನಿಂದ ಬಂದದ್ದು. ಒಳಗಿನ ಸೀಲೂ ಸೋರುತ್ತಿತ್ತು, ಆದರೆ ಅದು ಸಣ್ಣ ಪಾಲು.

ಅಷ್ಟರಲ್ಲಿ "ಟಪ್" ಎಂದು ಒಂದು ಸದ್ದು. ತೊಳೆಯುವಾಗ ಟ್ಯೂಬಿನ ಪಟ್ಟಿ ಬಿಚ್ಚಿದ್ದೆವು, ಮತ್ತೆ ಕಟ್ಟಿರಲಿಲ್ಲ. ಗೇಜ್ ಕಡ್ಡಿ ತನ್ನಷ್ಟಕ್ಕೆ ತಾನೇ ಎರಡು ಬೆರಳಿನಷ್ಟು ಮೇಲೆದ್ದು ನಿಂತಿತ್ತು.

ಹುಡುಗನನ್ನು ಕೇಳಿದೆ, "ಇದು ಹೀಗೆ ಏಳುತ್ತದೆಯೇನೋ?"

"ಹೌದಣ್ಣ, ಏರಿನಲ್ಲಿ ಯಾವಾಗಲೂ ಏಳುತ್ತದೆ. ಒಂದು ಸಲ ಹಾರಿ ಕೆಳಗೇ ಬಿದ್ದಿತ್ತು. ಅದಕ್ಕೇ ಟ್ಯೂಬು ಕಟ್ಟಿದ್ದು."

"ಯಾರಿಗಾದರೂ ಹೇಳಿದ್ದೆಯಾ?"

"ಯಾರೂ ಕೇಳಲಿಲ್ಲ."

ಮೂವರು ಮೆಕ್ಯಾನಿಕ್ಕುಗಳು ಆ ಗಾಡಿ ನೋಡಿದ್ದೆವು. ದಿನವೂ ಅದರ ಮೇಲೆ ಕೂರುವವನನ್ನು ಒಬ್ಬನೂ ಮಾತನಾಡಿಸಿರಲಿಲ್ಲ. ನಾನು ಅವನ ಕೈಯಲ್ಲಿ ಚಹಾ ತರಿಸಿಕೊಂಡಿದ್ದೆ.

ಎಂಜಿನ್ನಿಗೆ ಉಸಿರು ಕಟ್ಟಿತ್ತು

ಇಲ್ಲಿ ಎರಡು ಒತ್ತಡಗಳನ್ನು ಬೇರೆ ಮಾಡಿ ನೋಡಬೇಕು. ಆಯಿಲ್ ಪಂಪು ಕೊಳವೆಗಳಲ್ಲಿ ಹುಟ್ಟಿಸುವ ಒತ್ತಡ ಒಂದು, ಅದು ಇರಲೇಬೇಕು. ಇನ್ನೊಂದು ಪಿಸ್ಟನ್ ರಿಂಗುಗಳ ಸಂದಿನಿಂದ ನುಸುಳಿ ಕೆಳಗಿನ ಕ್ರ್ಯಾಂಕ್ ಕೋಣೆಗೆ ಇಳಿಯುವ ಅನಿಲದ್ದು. ಹೊಸ ಎಂಜಿನ್ನಿನಲ್ಲೂ ಸ್ವಲ್ಪ ನುಸುಳುತ್ತದೆ, ಭಾರ ಹೆಚ್ಚಿದಷ್ಟೂ ಹೆಚ್ಚು ನುಸುಳುತ್ತದೆ. ಅದು ಹೊರಹೋಗಲೆಂದೇ ಬ್ರೀದರ್ ಎಂಬ ಕೊಳವೆ ಇರುವುದು. ಅದು ಕಟ್ಟಿಕೊಂಡರೆ ಅನಿಲ ಸಿಕ್ಕ ಸಂದುಗಳಲ್ಲೆಲ್ಲ ಆಯಿಲನ್ನು ದೂಡಿಕೊಂಡು ಹೊರಬರುತ್ತದೆ: ಸೀಲಿನ ತುಟಿ, ಪ್ಯಾಕಿಂಗಿನ ದುರ್ಬಲ ಮೂಲೆ, ಗೇಜ್ ಕಡ್ಡಿಯ ಬಾಯಿ. ಸೀಲಿನ ತುಟಿ ಇರುವುದು ಸಿಡಿಯುವ ಆಯಿಲನ್ನು ತಡೆಯಲು, ಅನಿಲದ ಒತ್ತಡ ತಾಳಲು ಅಲ್ಲ.

ಆದರೆ ಕಡ್ಡಿ ಏಳಲು ರಿಂಗುಗಳು ಸವೆದಿರುವುದೂ ಕಾರಣವಾಗಬಹುದು. ಹಾಗಿದ್ದರೆ ಎಂಜಿನ್ ಪೂರ್ತಿ ಬಿಚ್ಚಬೇಕು, ಖರ್ಚು ಬೇರೆಯದೇ ಲೆಕ್ಕ. ಯಾವುದು ಎಂದು ತೀರ್ಮಾನಿಸಲು ನೆರವಾದದ್ದು ಗಾರೆಯವರ ಸಾಮಾನು. ಮನೆಯ ಹಿಂದೆ ಬಚ್ಚಲು ಕಟ್ಟಿಸುತ್ತಿದ್ದರು. ಮಟ್ಟ ನೋಡಲು ಬಳಸುವ ಪಾರದರ್ಶಕ ನೀರಿನ ಪೈಪನ್ನು ಕೇಳಿ ತಂದೆ. ಅದನ್ನು ಜೋಲಿಯ ಹಾಗೆ ಕೆಳಕ್ಕೆ ಇಳಿಬಿಟ್ಟು ಅರ್ಧದಷ್ಟು ನೀರು ತುಂಬಿ, ಒಂದು ತುದಿಯನ್ನು ಗೇಜ್ ಕಡ್ಡಿಯ ಬಾಯಿಗೆ ರಬ್ಬರ್ ಸುತ್ತಿ ಸಿಕ್ಕಿಸಿ, ಇನ್ನೊಂದನ್ನು ಗಾಳಿಗೆ ಬಿಟ್ಟೆ. ಜೋಲಿ ಸಾಕಷ್ಟು ಆಳವಾಗಿರಲಿ, ನೀರು ಎಂಜಿನ್ನಿಗೆ ಎಳೆದುಕೊಳ್ಳಬಾರದು. ಒಳಗೆ ಒತ್ತಡವಿದ್ದರೆ ಎಂಜಿನ್ ಕಡೆಯ ನೀರು ಇಳಿದು ಇನ್ನೊಂದು ಕಡೆ ಏರುತ್ತದೆ.

ಆಕ್ಸಲೇಟರ್ ಏರಿಸಿದಂತೆ ವ್ಯತ್ಯಾಸ ಒಂದು ಮೊಳ, ಅಂದರೆ ಸುಮಾರು 45 ಸೆಂಟಿಮೀಟರ್ ಮುಟ್ಟಿ ಇನ್ನೂ ಏರುತ್ತಿತ್ತು. ನಿಲ್ಲಿಸಿದೆ. ಆಮೇಲೆ ಆಯಿಲ್ ಹಾಕುವ ಮುಚ್ಚಳ ತೆಗೆದು ಮತ್ತೆ ಓಡಿಸಿದೆ. ಎರಡೂ ಕಡೆಯ ನೀರು ಸಮಕ್ಕೆ ಬಂತು. ಮುಚ್ಚಳವನ್ನು ಬೋರಲಾಗಿ ಬಾಯಿಯ ಮೇಲಿಟ್ಟರೆ ಅಲುಗಾಡಿತೇ ಹೊರತು ಹಾರಲಿಲ್ಲ, ಬಂದ ಹೊಗೆಯೂ ತೆಳುವಾಗಿತ್ತು. ರಿಂಗುಗಳು ಇನ್ನೂ ಬದುಕಿವೆ. ದಾರಿ ಮುಚ್ಚಿದೆ, ಅಷ್ಟೆ.

ಬ್ರೀದರಿನ ರಬ್ಬರ್ ಕೊಳವೆ ಟ್ಯಾಪೆಟ್ ಕವರಿನಿಂದ ಹೊರಟು ಬ್ಲಾಕಿನ ಪಕ್ಕದಲ್ಲಿ ಚಾಸಿಯ ಕೆಳಗಿನವರೆಗೆ ಇಳಿದಿತ್ತು. ಬಿಚ್ಚಿ ಬಾಯಲ್ಲಿ ಊದಿದೆ. ಗೋಡೆಗೆ ಊದಿದ ಹಾಗಾಯಿತು. ಕೆಳತುದಿಯನ್ನು ಚಾಕುವಿನಿಂದ ಸೀಳಿದರೆ ಒಳಗೆ ಒಣಮಣ್ಣಿನ ಗೂಡು. ಕಿಟಕಿಯ ಮೂಲೆ, ಬೀಗದ ತೂತುಗಳಲ್ಲಿ ಮಣ್ಣು ಮೆತ್ತುವ ಕಡಜವಿದೆಯಲ್ಲ, ಅದರದು. ಗೂಡಿನೊಳಗೆ ಮರಿಗೆ ಆಹಾರವೆಂದು ಅದು ಕೂಡಿಟ್ಟಿದ್ದ ಜೇಡಗಳು ಒಣಗಿ ಬಿದ್ದಿದ್ದವು. ಎಲ್ಲ ತಪ್ಪನ್ನೂ ಕಡಜದ ಮೇಲೆ ಹೊರಿಸುವಂತಿರಲಿಲ್ಲ. ಮೇಲ್ಭಾಗದಲ್ಲಿ ಕೊಳವೆಯ ಒಳಗೋಡೆ ಆಯಿಲ್ ಕುಡಿದು ಊದಿಕೊಂಡಿತ್ತು, ಉಳಿದ ಸಂದಿನಲ್ಲಿ ಬೆಣ್ಣೆಯಂಥ ಹಳದಿ ಜಿಗಟು ತುಂಬಿತ್ತು. ಹಿಂದಿನ ಮಾಲೀಕರ ಕಾಲದಲ್ಲೇ ಅರ್ಧ ಮುಚ್ಚಿದ್ದ ದಾರಿಯನ್ನು ಕಡಜ ಪೂರ್ತಿ ಮುಚ್ಚಿರಬೇಕು. ಮೊದಲ ಸೀಲ್ ಹೋದದ್ದಕ್ಕೂ ಇದೇ ಕಾರಣವಿರಬಹುದೆಂದು ನನ್ನ ಊಹೆ.

ಆ ಹಳದಿ ಜಿಗಟು ಕಂಡು ಯಜಮಾನರ ಮುಖ ಬಿಳಿಚಿತು. ಆಯಿಲಿಗೆ ನೀರು ಬೆರೆತಿದೆ, ಹೆಡ್ ಗ್ಯಾಸ್ಕೆಟ್ ಹೋಗಿದೆ ಎಂದು ಯಾರೋ ಹೆದರಿಸಿದ್ದರಂತೆ. ಹಾಗಾಗಿದ್ದರೆ ಗೇಜ್ ಕಡ್ಡಿಯಲ್ಲಿನ ಆಯಿಲ್ಲೇ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಬೇಕು, ರೇಡಿಯೇಟರಿನ ನೀರು ಇಳಿಯಬೇಕು. ಇಲ್ಲಿ ಎರಡೂ ಇಲ್ಲ. ಮಳೆಗಾಲದಲ್ಲಿ ಗಾಡಿಯನ್ನು ಐದು ನಿಮಿಷ ಓಡಿಸಿ ನಿಲ್ಲಿಸುತ್ತಾರೆ. ಎಂಜಿನ್ ಕಾಯುವುದೇ ಇಲ್ಲ, ಒಳಗಿನ ಆವಿ ತಣ್ಣಗಿನ ಮೇಲ್ಭಾಗದಲ್ಲಿ ಹನಿಗಟ್ಟಿ ಆಯಿಲಿನೊಡನೆ ಕಡೆದುಕೊಳ್ಳುತ್ತದೆ. ಮಲೆನಾಡಿನ ಗಾಡಿಗಳಲ್ಲಿ ಇದು ಸಾಮಾನ್ಯ. ಓಡಿಸಿದರೆ ಅರ್ಧ ಗಂಟೆಯಾದರೂ ಓಡಿಸಿ, ಚೆನ್ನಾಗಿ ಕಾಯಲಿ ಎಂದಷ್ಟೇ ಹೇಳಿದೆ.

ಮಾಡಿದ ಕೆಲಸ

ಕೊಳವೆಗೆ ಬದಲಾಗಿ ತೋಟದಲ್ಲಿ ಬಿದ್ದಿದ್ದ ಹನಿ ನೀರಾವರಿಯ ಕಪ್ಪು ಪೈಪು ಹಾಕಬಾರದೇಕೆ ಎಂಬ ಪ್ರಶ್ನೆ ಬಂತು. ಬಿಸಿ ಆಯಿಲಿನ ಆವಿಗೆ ಅದು ಮೆತ್ತಗಾಗಿ ಬಾಗಿದಲ್ಲೇ ಮಡಚಿಕೊಳ್ಳುತ್ತದೆ, ನಾವು ಮತ್ತೆ ಅದೇ ರೋಗಕ್ಕೆ ಬರುತ್ತೇವೆ. ಡೀಸೆಲ್ ಮತ್ತು ಆಯಿಲ್ ತಾಳುವ ರಬ್ಬರ್ ಹೋಸನ್ನೇ ತೀರ್ಥಹಳ್ಳಿಯಿಂದ ತರಿಸಿದೆವು. ತುದಿಗೆ ಸೊಳ್ಳೆ ಪರದೆ ಕಟ್ಟುವ ಆಲೋಚನೆಯನ್ನೂ ಬಿಟ್ಟೆವು, ಜಿಗಟು ಹಿಡಿದು ಅದೇ ಮುಚ್ಚಳವಾಗುತ್ತದೆ. ತುದಿಯನ್ನು ಓರೆಯಾಗಿ ಕತ್ತರಿಸಿ, ಒಂದು ಗೇಣು ಮೇಲೆ ಉದ್ದಕ್ಕೆ ಒಂದು ಸೀಳು ಬಿಟ್ಟೆ. ತುದಿ ಮುಚ್ಚಿದರೂ ಸೀಳಿನಿಂದ ಉಸಿರಾಡಲಿ. ಟ್ಯಾಪೆಟ್ ಕವರಿನೊಳಗಿನ ಬ್ರೀದರ್ ಗೂಡನ್ನು ಸೀಮೆಎಣ್ಣೆಯಲ್ಲಿ ನೆನೆಹಾಕಿ ತೊಳೆದೆವು.

ಕವರ್ ಬಿಚ್ಚಿದಾಗ ಸಿಲಿಕಾನಿನ ಕಪ್ಪು ಹುಳುಗಳು ಒಳಗೂ ಇಣುಕುತ್ತಿದ್ದವು. ಇದು ನನಗೆ ನಿಜಕ್ಕೂ ಸಿಟ್ಟು ಬರಿಸುವ ವಿಷಯ. ಹೊರಗೆ ಕಾಣುವಷ್ಟೇ ಸಿಲಿಕಾನ್ ಒಳಗೂ ಹಿಂಡಿಕೊಂಡಿರುತ್ತದೆ. ಅದು ಕಳಚಿ ತಳದಲ್ಲಿ ಆಯಿಲ್ ನಿಲ್ಲುವ ಚೇಂಬರಿಗೆ ಬಿದ್ದು ಆಯಿಲ್ ಪಂಪಿನ ಜಾಲರಿಗೆ ಅಂಟಿದರೆ ಎಂಜಿನ್ನೇ ಹೋಗುತ್ತದೆ. ಚೇಂಬರ್ ಬಿಚ್ಚಬೇಕೇ ಎಂದು ಒಂದು ಗಂಟೆ ತೂಗಿದೆ. ಇಳಿಸಿದ ಆಯಿಲನ್ನು ಹಳೆಯ ಪಂಚೆಯಲ್ಲಿ ಸೋಸಿದೆ, ಒಂದು ಚೂರೂ ಸಿಗಲಿಲ್ಲ. ಒತ್ತಡ ಅಳೆಯುವ ಗೇಜ್ ಜೋಡಿಸಿ ನೋಡಿದರೆ ಆಯಿಲ್ ಪ್ರೆಷರ್ ಕೈಪಿಡಿಯಲ್ಲಿ ಹೇಳಿದಷ್ಟೇ ಇತ್ತು. ಚೇಂಬರ್ ಮುಟ್ಟಲಿಲ್ಲ.

ಕವರಿನ ತಗಡಿನ ಅಂಚನ್ನು ದಪ್ಪ ಗಾಜಿನ ಮೇಲಿಟ್ಟು ನೋಡಿದರೆ ಹಿಂದಿನ ಮೂಲೆಯಲ್ಲಿ ಬೆಂಕಿಕಡ್ಡಿ ತೂರುವಷ್ಟು ಸಂದು. ಮರದ ದಿಮ್ಮಿಯ ಮೇಲಿಟ್ಟು ಸಣ್ಣ ಸುತ್ತಿಗೆಯಿಂದ ತಟ್ಟಿ ಸಮ ಮಾಡಿದೆ. ಹೊಸ ಪ್ಯಾಕಿಂಗ್, ಒಣ ಮೈ, ಸಿಲಿಕಾನ್ ಇಲ್ಲ. ಬೋಲ್ಟುಗಳನ್ನು ನಡುವಿನಿಂದ ಶುರುಮಾಡಿ ಎದುರುಬದುರಾಗಿ, ಸ್ಪ್ಯಾನರನ್ನು ತುದಿಯಲ್ಲಿ ಹಿಡಿಯದೆ ಮಧ್ಯದಲ್ಲಿ ಹಿಡಿದು ಬಿಗಿದೆ. ಮತ್ತೆ 15ಡಬ್ಲ್ಯೂ-40 ಆಯಿಲ್, ಹೊಸ ಫಿಲ್ಟರ್. ಎಲ್ಲ ಸೇರಿ ಸಾಮಾನಿಗೆ ಆದ ಖರ್ಚು 2,600 ರೂಪಾಯಿ. ಹಳೆಯ ಆಯಿಲನ್ನು ಬೇಲಿ ಗೂಟಕ್ಕೆ ಬಳಿಯುತ್ತೇವೆ ಎಂದು ಎತ್ತಿಟ್ಟುಕೊಂಡರು, ನನ್ನ ಮಾತು ಅಲ್ಲಿ ನಡೆಯಲಿಲ್ಲ.

ಗಾರೆಯವರ ಪೈಪು ಮತ್ತೆ ಬಂತು. ಪೂರ್ತಿ ಆಕ್ಸಲೇಟರಿನಲ್ಲಿ ವ್ಯತ್ಯಾಸ ಎರಡು ಬೆರಳು. ಪಂಪು ಜೋಡಿಸಿ ಒಂದು ಗಂಟೆ ಓಡಿಸಿದೆವು. ಕವರಿನ ಮೂಲೆಯಲ್ಲಿ ಪೌಡರ್ ಬೆಳ್ಳಗೇ ಉಳಿಯಿತು. ಮರುದಿನದ ಹಾಳೆಯಲ್ಲಿ ಮೂರು ಹನಿ.

ಆ ಮೂರು ಹನಿಯ ಮುಂದೆ ಕೂತು ಇನ್ನೊಂದು ತೀರ್ಮಾನ ಮಾಡಬೇಕಿತ್ತು. ಸೀಲಿನ ತುಟಿಗೆ ಪೆಟ್ಟಾಗಿದೆಯೇ, ಅಥವಾ ಹೌಸಿಂಗಿನೊಳಗೆ ಮೊದಲೇ ನಿಂತಿದ್ದ ಆಯಿಲ್ ಈಗ ಇಳಿಯುತ್ತಿದೆಯೇ? ಕ್ಲಚ್ ಜಾರುತ್ತಿದ್ದರೆ ಅಂದೇ ಗಾಡಿ ಬಿಚ್ಚಿಸುತ್ತಿದ್ದೆ, ಏಕೆಂದರೆ ಆಯಿಲ್ ಕುಡಿದ ಪ್ಲೇಟನ್ನು ನಂಬಿ ಇಳಿಜಾರಿನಲ್ಲಿ ಗಾಡಿ ಬಿಡಬಾರದು. ಭಾರ ಹೇರಿ ಏರಿನಲ್ಲಿ ಪರೀಕ್ಷಿಸಿದೆ, ಹಿಡಿತ ಗಟ್ಟಿಯಾಗಿತ್ತು. ಗ್ಯಾರೇಜಿನ ಸರದಿ ಬಿಟ್ಟುಕೊಟ್ಟು, ಹಾಳೆ ಇಡುವುದನ್ನು ಮುಂದುವರಿಸಿ ಎಂದೆ. ಕ್ಲಚ್ ಜಾರಿದರೆ, ಅಥವಾ ಒಂದು ರಾತ್ರಿಗೆ ಹತ್ತು ಹನಿ ದಾಟಿದರೆ ಫೋನ್ ಮಾಡಬೇಕೆಂಬ ಒಪ್ಪಂದವಾಯಿತು.

ಆ ಗ್ಯಾರೇಜಿನವರು ಮೋಸ ಮಾಡಲು ಹೊರಟಿದ್ದರು ಎಂದು ಯಜಮಾನರು ಈಗಲೂ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಸೀಲ್ ಸೋರುತ್ತಿದೆ ಎಂದದ್ದು ನಿಜವೇ, ನಾನೂ ಅದನ್ನೇ ಹೇಳಿದ್ದೆ. ನಾವಿಬ್ಬರೂ ಸೋರುವ ಜಾಗ ಹುಡುಕಿ ಅಲ್ಲಿಗೇ ಕೈ ತೊಳೆದುಕೊಂಡಿದ್ದೆವು, ಏಕೆ ಸೋರುತ್ತಿದೆ ಎಂದು ಕೇಳಿರಲಿಲ್ಲ. ಈಗ ಯಾವ ಗಾಡಿಯ ಸೋರಿಕೆಗೆ ಕರೆದರೂ ಮೊದಲು ಬ್ರೀದರ್ ಕೊಳವೆಗೆ ಊದಿ ನೋಡುತ್ತೇನೆ. ಒಂದು ನಿಮಿಷದ ಕೆಲಸ, ಬಾಯಿ ಸ್ವಲ್ಪ ಕಹಿಯಾಗುತ್ತದೆ. ಬಿಲ್ಲುಗಳನ್ನು ಕೇಳುತ್ತೇನೆ, ಅದರಲ್ಲಿ ತಾರೀಖಿಗಿಂತ ಗಂಟೆ ಮೀಟರಿನ ಓದನ್ನು ನೋಡುತ್ತೇನೆ. ಓಡಿಸುವವರ ಹತ್ತಿರ ಕೂತು ಮಾತನಾಡುತ್ತೇನೆ, ಕಟ್ಟಿದ ತಂತಿ, ಟ್ಯೂಬುಗಳನ್ನೆಲ್ಲ ಏಕೆ ಕಟ್ಟಿದ್ದೆಂದು ಕೇಳುತ್ತೇನೆ. ಹಳೆಯ ಗಾಡಿ ಕೊಳ್ಳುವವರು ನನ್ನನ್ನು ಜೊತೆಗೆ ಕರೆದರೆ, ಎಂಜಿನ್ ತೊಳೆಯದೆ ಇಡಿ ಎಂದು ಮಾರುವವರಿಗೆ ಮೊದಲೇ ಹೇಳಿಸುತ್ತೇನೆ. ಭಾರ ಹೇರಿ ಅರ್ಧ ಗಂಟೆ ಏರು ಹತ್ತಿಸಿದ ಮೇಲೆ, ನಿಲ್ಲಿಸಿ, ಅಡಿಗೆ ಕಾಗದ ಹಾಸಿ, ಅವರ ಮನೆಯಲ್ಲೇ ಕಾಫಿ ಕುಡಿದು ಬರುತ್ತೇವೆ.

ಮೊದಲ ಬೋರ್ಡೋ ಮಳೆಗೆ ನಾಲ್ಕು ದಿನ ಮೊದಲೇ ಮುಗಿಯಿತು. ಎರಡನೆಯದನ್ನು ಜುಲೈಯಲ್ಲಿ ಮಳೆ ಬಿಡುವು ಕೊಟ್ಟ ಎರಡು ಹಗಲಿನಲ್ಲಿ ಹೊಡೆದರು. ಕೊಯ್ಲು ಶುರುವಾದಾಗ ಬೇರೆ ಕೆಲಸಕ್ಕೆಂದು ಆ ಕಡೆ ಹೋದವನು ಕೊಟ್ಟಿಗೆಗೆ ಇಣುಕಿದೆ. ಗೋಡೆಯಲ್ಲಿ ಹಾಳೆಗಳು ಮೂವತ್ತು ದಾಟಿದ್ದವು. ಕೊನೆಯ ಕೆಲವದರಲ್ಲಿ ಒಂದೊಂದೇ ಹನಿ, ಒಂದರಲ್ಲಿ ಅದೂ ಇಲ್ಲ. ಗಾಡಿಯನ್ನು ಇನ್ನೂ ಬಿಚ್ಚಿಸಿಲ್ಲ. ಸೈಕಲ್ ಟ್ಯೂಬಿನ ಪಟ್ಟಿ ಎಲ್ಲಿ ಎಂದು ಹುಡುಗನನ್ನು ಕೇಳಿದೆ. ಅಡಿಕೆ ಕೊಯ್ಯುವ ದೋಟಿಯ ಹಿಡಿಕೆಗೆ ಅದನ್ನು ಬಿಗಿಯಾಗಿ ಸುತ್ತಿಕೊಂಡಿದ್ದ. ಏಕೆಂದು ಕೇಳಿದೆ. "ಇಬ್ಬನಿಗೆ ಕೈ ಜಾರುತ್ತದಣ್ಣ" ಎಂದ.